ಭಾರ ಎತ್ತೋದು ಎಷ್ಟು ಹೊತ್ತು? ತೋಟದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ

ಶಿವಮೊಗ್ಗದ ಜಿಮ್‌ಗಳಲ್ಲಿ ಹೊಸಬರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: 'ಅಣ್ಣ, ದಿನಾ ಎಷ್ಟೊತ್ತು ಮಾಡ್ಲಿ?' ಒಬ್ಬ ಅರ್ಧ ಗಂಟೆ ಸಾಕು ಅಂತಾನೆ. ಇನ್ನೊಬ್ಬ ಎರಡು ಗಂಟೆ ಬೆವರು ಸುರಿಸದಿದ್ರೆ ಮೈ ಬರಲ್ಲ ಅಂತಾನೆ. ಮೂರನೆಯವನು, 45 ನಿಮಿಷ ದಾಟಿದರೆ ಇದ್ದ ಮಸಲ್ಲೂ ಕರಗಿಹೋಗುತ್ತೆ ಎಂದು ಹೆದರಿಸುತ್ತಾನೆ. ಈ ಕೊನೆಯ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಹಾಗೆ ಗಡಿಯಾರ ನೋಡಿ ಕರಗುವ ಮಸಲ್ ಯಾರಿಗೂ ಇಲ್ಲ.

ಹೆಚ್ಚಿನವರಿಗೆ ವಾರ್ಮ್ ಅಪ್ ಸೇರಿ 45ರಿಂದ 60 ನಿಮಿಷ ಸಾಕಾಗುತ್ತದೆ. ಆದರೆ ಹೊತ್ತಿಗಿಂತ ಮುಖ್ಯ, ಆ ಹೊತ್ತಿನಲ್ಲಿ ಎಷ್ಟು ಸೆಟ್ ಮಾಡಿದಿರಿ ಅನ್ನೋದು. ಭಾರವನ್ನು ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್, ನಡುವೆ ನಿಲ್ಲಿಸದೆ ಮಾಡಿದ ರೆಪ್‌ಗಳೆಲ್ಲ ಸೇರಿ ಒಂದು ಸೆಟ್.

ಮೊದಲು ಸೆಟ್ ಲೆಕ್ಕ ಹಾಕಿ

ನಾಲ್ಕು ವ್ಯಾಯಾಮ ಆರಿಸಿಕೊಳ್ಳಿ: ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು), ರೋಯಿಂಗ್ (ಭಾರವನ್ನು ಹೊಟ್ಟೆಯ ಕಡೆ ಎಳೆಯುವುದು), ಓವರ್‌ಹೆಡ್ ಪ್ರೆಸ್ (ತಲೆ ಮೇಲಕ್ಕೆ ಎತ್ತುವುದು). ಒಂದೊಂದಕ್ಕೆ 3 ಸೆಟ್ ಅಂದರೆ ಒಟ್ಟು 12. ಹತ್ತು ರೆಪ್‌ನ ಒಂದು ಸೆಟ್‌ಗೆ ಸುಮಾರು 40 ಸೆಕೆಂಡ್, ಆಮೇಲೆ 2 ನಿಮಿಷ ವಿಶ್ರಾಂತಿ. ಅಲ್ಲಿಗೆ 32 ನಿಮಿಷ. ವಾರ್ಮ್ ಅಪ್‌ಗೆ 10 ನಿಮಿಷ, ಪ್ಲೇಟ್ ಹಾಕಿ ತೆಗೆಯಲು ಇನ್ನೊಂದೈದು. ಮುಕ್ಕಾಲು ಗಂಟೆ ಆಸುಪಾಸಿನಲ್ಲಿ ಕೆಲಸ ಮುಗಿಯಿತು.

ಇಷ್ಟೇ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತಿದ್ದರೆ ಸೆಟ್ ಮಧ್ಯೆ ಮೊಬೈಲ್ ನೋಡುತ್ತಿದ್ದೀರಿ ಅಂತ ಅರ್ಥ. ಅದರಿಂದ ಮೈಗೇನೂ ತೊಂದರೆ ಇಲ್ಲ, ಬೆಂಚ್‌ಗೆ ಕಾಯುತ್ತಿರುವವರಿಗೆ ಇದೆ. ಅದೇ ಎರಡು ಗಂಟೆ ಬಿಡುವಿಲ್ಲದೆ ಎತ್ತುತ್ತಿದ್ದೀರಾ? ಹಾಗಾದರೆ ಸೆಟ್‌ಗಳೇ ಜಾಸ್ತಿ ಆಗಿವೆ. ತುಂಬಾ ಭಾರ ಎತ್ತುವ ಪಳಗಿದವರ ಮಾತು ಬೇರೆ. ಅವರಿಗೆ ಸೆಟ್ ಮಧ್ಯೆ 3ರಿಂದ 5 ನಿಮಿಷ ವಿಶ್ರಾಂತಿ ಬೇಕು, ಒಂದೂವರೆ ಗಂಟೆ ಆದರೂ ತಪ್ಪಿಲ್ಲ.

ಇನ್ನು ದಿನಗಳ ಹಂಚಿಕೆ. ಹೊಸಬರಿಗೆ ಸೋಮವಾರ, ಬುಧವಾರ, ಶುಕ್ರವಾರ ಹೀಗೆ ಮೂರು ದಿನ ಸಾಕು. ಚೆನ್ನಾಗಿ ದುಡಿಸಿದ ಅಂಗಕ್ಕೆ ಮತ್ತೆ ಕೆಲಸ ಕೊಡುವ ಮುಂಚೆ 48 ಗಂಟೆ ಬಿಡುವು ಕೊಡಿ. ಎದೆ, ಬೆನ್ನು, ತೊಡೆ ಒಂದೊಂದಕ್ಕೂ ವಾರಕ್ಕೆ ಸುಮಾರು 10 ಸೆಟ್ ಸಿಕ್ಕರೆ ಮೈ ಬೆಳೆಯುತ್ತದೆ. ಪಳಗಿದವರು 20ರವರೆಗೂ ಹೋಗುತ್ತಾರೆ. ಮೊದಲ ವಾರವೇ 20 ಮಾಡಲು ಹೋಗಬೇಡಿ.

ತೋಟ, ಅಂಗಳದ ಕೆಲಸವೂ ವ್ಯಾಯಾಮವೇ

ಜಿಮ್ ಚಾರ್ಟ್‌ಗಳಲ್ಲಿ ಬರೆದಿರದ ಸಂಗತಿ ಇದು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಅಡಿಕೆ ಕೊಯ್ಲು ಶುರುವಾದರೆ ಹಗಲೆಲ್ಲ ತೋಟದ ಇಳಿಜಾರಿನಿಂದ ಮನೆ ಅಂಗಳಕ್ಕೆ ಅಡಿಕೆ ಕೊನೆ (ಗೊಂಚಲು) ಹೊರುವ ಕೆಲಸ. ತೊಡೆ, ಸೊಂಟ, ಭುಜ ಎಲ್ಲಕ್ಕೂ ಅಲ್ಲೇ ಬೇಕಾದಷ್ಟು ಆಗಿರುತ್ತದೆ. ಸಂಜೆ ಬೈಕ್ ಹತ್ತಿ ಬಂದು 'ಇವತ್ತು ಲೆಗ್ ಡೇ' ಅಂದರೆ ಕಾಲು ಏನು ಮಾಡಬೇಕು ಹೇಳಿ? ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವರಿಗೆ ಮಣಿಕಟ್ಟು, ಮುಂಗೈ ಬಿಗಿದಿರುತ್ತದೆ, ನಿದ್ದೆಯೂ ಕೆಟ್ಟಿರುತ್ತದೆ. ಮಾರನೇ ದಿನ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು) ಮಾಡಲು ಹೋದರೆ ಬೆನ್ನಿಗಿಂತ ಮೊದಲು ಹಿಡಿತ ಸೋಲುತ್ತದೆ.

ಇಂಥ ವಾರಗಳಲ್ಲಿ ಜಿಮ್ ಎರಡು ದಿನಕ್ಕೆ ಇಳಿಸಿ, ಸೆಟ್ ಅರ್ಧ ಮಾಡಿ. ಸ್ನಾಯು ಬಲಪಡಿಸುವ ವ್ಯಾಯಾಮದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದೂ ವಾರಕ್ಕೆ ಕನಿಷ್ಠ 2 ದಿನ ಅಂತಲೇ. ಮಳೆಗಾಲಕ್ಕೆ ಮುಂಚೆ ಸೌದೆ ಒಡೆದು ಒಟ್ಟುವವರಿಗೂ ಇದೇ ಮಾತು.

ಮಳೆಗಾಲದ ಕಥೆ ಇದಕ್ಕೆ ಉಲ್ಟಾ. ಜಡಿಮಳೆಗೆ ಎರಡು ಮೂರು ವಾರ ಜಿಮ್ ಬಿಟ್ಟವರು ಬಿಸಿಲು ಕಂಡ ದಿನ ಓಡಿಬಂದು ಹಳೇ ಭಾರಕ್ಕೇ ಕೈ ಹಾಕುತ್ತಾರೆ. ಮೊದಲ ದಿನ ಹಳೇ ಭಾರದ ಅರ್ಧ, ಸೆಟ್ ಕೂಡ ಅರ್ಧ. ಹೋದ ಶಕ್ತಿ ಬೇಗ ವಾಪಸ್ ಬರುತ್ತದೆ, ಅವಸರ ಬೇಡ.

ಎಲ್ಲಿ ನಿಲ್ಲಿಸಬೇಕು?

ಬಾರ್ (ಪ್ಲೇಟ್ ಸಿಕ್ಕಿಸಿ ಎತ್ತುವ ಸರಳು) ಮೇಲೆ ಕಣ್ಣಿಡಿ. ಮೊದಲ ರೆಪ್‌ಗಳು ಸಲೀಸಾಗಿ ಏಳುತ್ತವೆ. ಆಮೇಲೆ ಒಂದು ರೆಪ್‌ನಲ್ಲಿ ಬಾರ್ ಅರ್ಧ ದಾರಿಯಲ್ಲಿ ನಿಧಾನ ಆಗುತ್ತದೆ, ಒಂದು ಭುಜ ಇನ್ನೊಂದಕ್ಕಿಂತ ಮೊದಲು ಏಳುತ್ತದೆ. 'ಇನ್ನೂ ಎರಡು ಎತ್ತಬಹುದಿತ್ತು' ಅನ್ನಿಸುವಾಗಲೇ ಬಾರ್ ಇಳಿಸಿ. ಮೊದಲ ಸೆಟ್‌ನಲ್ಲಿ 10 ಎತ್ತಿದ ಭಾರ ಮೂರನೇ ಸೆಟ್‌ನಲ್ಲಿ 6ಕ್ಕೇ ನಿಂತರೆ ಆ ವ್ಯಾಯಾಮ ಅವತ್ತಿಗೆ ಮುಗಿಯಿತು. ಬೆವರನ್ನು ನಂಬಬೇಡಿ. ಮಲೆನಾಡಿನ ತೇವದ ಗಾಳಿಯಲ್ಲಿ ಸುಮ್ನೆ ಕೂತರೂ ಅಂಗಿ ಒದ್ದೆಯಾಗುತ್ತೆ, ಅಲ್ವಾ?

ಮೈಕೈ ನೋವಿಗೂ ಹೆದರಬೇಕಿಲ್ಲ. ಹೊಸ ವ್ಯಾಯಾಮದ ನೋವು ಒಂದೆರಡು ದಿನಕ್ಕೆ ಜೋರಾಗಿ, ಆಮೇಲೆ ಇಳಿಯುತ್ತದೆ. ಅತಿಯಾಗಿದೆ ಅಂತ ತಿಳಿಯಲು ಒಂದು ನೋಟ್‌ಬುಕ್ ಸಾಕು. ಭಾರ, ರೆಪ್ ಬರೆದಿಡಿ. ಬೆಳಿಗ್ಗೆ ಹಾಸಿಗೆಯಲ್ಲೇ ಮಣಿಕಟ್ಟಿನ ನಾಡಿ ಒಂದು ನಿಮಿಷ ಎಣಿಸಿ ಪಕ್ಕದಲ್ಲಿ ಬರೆಯಿರಿ. ನಾಡಿ ಮಾಮೂಲಿಗಿಂತ ಏಳೆಂಟು ಬಡಿತ ಜಾಸ್ತಿ ಇದ್ದು ಮೂರ್ನಾಲ್ಕು ದಿನ ಇಳಿಯದೇ ಇದ್ದರೆ, ಜ್ವರ ಗಿರ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಒಂದೆರಡು ದಿನ ರಜೆ ಹಾಕಿ. ಎರಡು ವಾರ ಬಿಡದೆ ಅದೇ ಭಾರಕ್ಕೆ ರೆಪ್ ಇಳಿಯುತ್ತಿದ್ದರೆ, ರಾತ್ರಿ ನಿದ್ದೆ ಬರದೆ ಮನೆಯವರ ಮೇಲೆ ಸಿಡಿಮಿಡಿ ಅನ್ನುತ್ತಿದ್ದರೆ ಒಂದು ವಾರ ಪೂರ್ತಿ ಹಗುರ ಮಾಡಿ. ನಿಜವಾದ ಓವರ್‌ಟ್ರೈನಿಂಗ್‌ನಿಂದ ಮೇಲೇಳಲು ತಿಂಗಳುಗಳೇ ಬೇಕು, ಆದರೆ ಅದು ನಮ್ಮಂಥವರಿಗೆ ಅಪರೂಪ. ನಮ್ಮಲ್ಲಿ ಹೆಚ್ಚಾಗಿ ಆಗೋದು ಊಟ, ನಿದ್ದೆಗೆ ಮೀರಿದ ದುಡಿತ. ಏಳೆಂಟು ಗಂಟೆ ನಿದ್ದೆ ಮಾಡಿ. ಅಕ್ಕಿರೊಟ್ಟಿ, ಕಡುಬಿನ ಜೊತೆ ಮೊಟ್ಟೆ, ಮೀನು, ಹುರುಳಿಕಾಳು, ಹಾಲು ಯಾವುದಾದರೂ ಇರಲಿ.

ತೊಂದರೆ ಇಲ್ಲದಿದ್ದರೂ ಆರರಿಂದ ಎಂಟು ವಾರಕ್ಕೊಮ್ಮೆ ಒಂದು ವಾರ ಸೆಟ್ ಅರ್ಧಕ್ಕಿಳಿಸುವುದು ಒಳ್ಳೆಯದು. ಹಬ್ಬವೋ ಜಾತ್ರೆಯೋ ಇರುವ ವಾರ ನೋಡಿ ಇಟ್ಟುಕೊಂಡರೆ ಬೇಜಾರೂ ಆಗಲ್ಲ.

ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರುವವರು ಭಾರ ಮುಟ್ಟುವ ಮುಂಚೆ ಡಾಕ್ಟರನ್ನು ಕೇಳಿ. ವಿಪರೀತ ಎತ್ತಿದ ಮೇಲೆ ಸ್ನಾಯು ಊದಿಕೊಂಡು, ಮೂತ್ರ ಕಾಫಿ ಡಿಕಾಕ್ಷನ್ ಥರ ಕಂದು ಬಣ್ಣಕ್ಕೆ ತಿರುಗಿದರೆ ನಾಳೆ ನೋಡೋಣ ಅನ್ನಬೇಡಿ. ಒಡೆದ ಸ್ನಾಯುವಿನ ಅಂಶ ರಕ್ತ ಸೇರಿ ಕಿಡ್ನಿಗೆ ಹೊಡೆತ ಕೊಡಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ, ಎಷ್ಟು ಎತ್ತಿದಿರಿ ಅನ್ನೋದನ್ನು ಮುಚ್ಚಿಡದೆ ಹೇಳಿ.