ಹಡಗು ಬರುವ ಮೊದಲು ಮೂರು ಕಬ್ಬಿಣದ ಪ್ಲೇಟು

ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆ ಹಬ್ಬದ ಮಾರನೆಯ ದಿನ ಬೆಳಗ್ಗೆ ಮೂರು ಕಬ್ಬಿಣದ ಪ್ಲೇಟುಗಳನ್ನು ಮೂರು ಕಡೆ ತೂಗಹಾಕಿ ಬಂದೆ. ಒಂದು ಕುಂಬಳೆಯ ಕಡಲ ದಂಡೆಯಲ್ಲಿ ಒಂದು ತೆಂಗಿನ ಮರಕ್ಕೆ. ಇನ್ನೊಂದು ಶಿರಿಯ ಹೊಳೆಯ ಬದಿ, ಪರಿಚಯದವರ ಹಟ್ಟಿಯ ಹೊರಗೆ. ಮೂರನೆಯದು ಗುಡ್ಡೆ ಹತ್ತಿ ಸೀತಾಂಗೋಳಿಯಲ್ಲಿ, ವೆಲ್ಡಿಂಗ್ ಮಾಡುವ ಗೆಳೆಯನ ಶೆಡ್ಡಿನ ಎದುರು. ದಾರಿಯಲ್ಲಿ ಸಿಕ್ಕಿದ ಒಬ್ಬರು, "ಎಂಥ ಇದು, ಹರಕೆಯಾ?" ಎಂದು ಕೇಳಿದರು. ಹಡಗಿಗೆ ಜಾಗ ನೋಡುವುದು ಎಂದರೆ ನಂಬುವವರು ಯಾರು?

ನೌಕಾಪಡೆಯಲ್ಲಿ ನನ್ನದು ಹಡಗಿನ ಮೈಯ ಕೆಲಸ. ತುಕ್ಕು ಕೆರೆಯುವುದು, ತೂತಾದ ಪ್ಲೇಟು ಬದಲಿಸುವುದು, ಬಣ್ಣ ಬಳಿಯುವುದು, ಮತ್ತೆ ಕೆರೆಯುವುದು. 2003ರಲ್ಲಿ ನಿವೃತ್ತನಾಗಿ ಊರಿಗೆ ಬಂದ ಮೇಲೆ ತೋಟ ನೋಡಿಕೊಂಡಿದ್ದೆ. 2021ರಲ್ಲಿ ಆಲಪ್ಪುಳದ ಕಡಲ ದಂಡೆಗೆ ನಿವೃತ್ತ ಗಸ್ತು ಹಡಗು ಟಿ-81 ಬಂತಲ್ಲ, ಅದರ ಫೋಟೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅದಾದ ಮೇಲೆ ನಮ್ಮ ಕಡೆಯೂ ಒಂದು ಸಮಿತಿ ಹುಟ್ಟಿತು: ಕಾಸರಗೋಡಿಗೂ ಒಂದು ಯುದ್ಧನೌಕೆ ಬೇಕು. ಜಾಗ ಅವರೇ ಗೊತ್ತು ಮಾಡಿ ಆಗಿತ್ತು, ಮರಳಿನ ಮೇಲೆ, ಅಲೆಗೆ ಮುಖ ಮಾಡಿ. ನನ್ನಿಂದ ಬೇಕಿದ್ದದ್ದು ಒಂದು ವರದಿ, ಕೆಳಗೆ ಒಂದು ಸಹಿ.

ಸಹಿ ಹಾಕುವ ಮೊದಲು ಒಂದು ಮಳೆಗಾಲ ಕಾಯಿರಿ, ಎಲ್ಲಿ ಕಬ್ಬಿಣ ಎಷ್ಟು ತುಕ್ಕು ಹಿಡಿಯುತ್ತದೆ ನೋಡೋಣ ಎಂದೆ. ಅವರಿಗೆ ಅದು ಅಷ್ಟು ಹಿಡಿಸಲಿಲ್ಲ.

ಪ್ಲೇಟಿನ ಕ್ರಮ ಹೀಗೆ. ಮೂರು ಮಿಲಿಮೀಟರಿನ ಒಂದೇ ಶೀಟಿನಿಂದ ಅಂಗೈಯಗಲದ ಮೂರು ತುಂಡು ಕತ್ತರಿಸಿದೆ. ಎಮರಿ ಹಾಕಿ ಕಪ್ಪು ಪದರ ತೆಗೆದು, ಥಿನ್ನರಿನಲ್ಲಿ ಒರೆಸಿದೆ. ಗುರುತಿಗೆ ಬಣ್ಣ ಹಚ್ಚಲಿಲ್ಲ, ಪಂಚಿನಿಂದ ಚುಕ್ಕಿ ಹೊಡೆದೆ. ಕಟ್ಟಿದ್ದು ನೈಲಾನ್ ಹಗ್ಗದಲ್ಲಿ. ತಂತಿಯಲ್ಲಿ ಕಟ್ಟಿದರೆ ಎರಡು ಲೋಹ ತಾಗಿ ಅದರದೇ ಇನ್ನೊಂದು ತಕರಾರು ಶುರುವಾಗುತ್ತದೆ. ತೂಕ ನೋಡಿದ್ದು ಕುಂಬಳೆ ಪೇಟೆಯ ಚಿನ್ನದಂಗಡಿಯ ತಕ್ಕಡಿಯಲ್ಲಿ. ಅಂಗಡಿಯವರು ತಮಾಷೆಗೆ ಕಬ್ಬಿಣಕ್ಕೂ ಇವತ್ತಿನ ದರ ಹೇಳಿದರು.

ನವರಾತ್ರಿ ಕಳೆದ ಮೇಲೆ ಮೂರನ್ನೂ ಇಳಿಸಿ ಸೀದಾ ತಕ್ಕಡಿಗೆ ಇಟ್ಟೆ. ಹೊಳೆ ಬದಿಯದು ಮೊದಲಿಗಿಂತ ಭಾರ! ಇಪ್ಪತ್ತು ವರ್ಷಕ್ಕೂ ಹೆಚ್ಚು ಇದೇ ಕೆಲಸ ಮಾಡಿದವನು ಮಾಡಬಾರದ ತಪ್ಪು ಅದು. ಗಾಳಿಯ ಆಮ್ಲಜನಕ, ನೀರು ಸೇರಿಯೇ ತುಕ್ಕು ಆಗುವುದು. ಅದು ಮೈಗೆ ಅಂಟಿಕೊಂಡಿರುವಷ್ಟು ದಿನ ತೂಕ ಏರುತ್ತದೆ, ಒಳಗೆ ಕಬ್ಬಿಣ ಸವೆಯುತ್ತದೆ. ಮನೆಗೆ ತಂದು ನಿಂಬೆಉಪ್ಪಿನ ನೀರಿನಲ್ಲಿ ನೆನೆಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ ಮತ್ತೆ ತೂಗಿದೆ. ಸೀತಾಂಗೋಳಿಯದಕ್ಕೆ ಮೈಮೇಲೆ ಕೆಂಪು ಬಿಟ್ಟರೆ ಹೆಚ್ಚೇನೂ ಆಗಿರಲಿಲ್ಲ. ಹೊಳೆ ಬದಿಯದು ನಡುವಿನದು. ಕಡಲ ಬದಿಯದು ಹಪ್ಪಳದ ಹಾಗೆ ಪದರ ಪದರವಾಗಿ ಬಿಟ್ಟು ಬಂತು, ಅಂಚು ಬೆರಳಿಗೆ ಚೂಪಾಗಿ ತಾಗುತ್ತಿತ್ತು.

ಅದಕ್ಕಿಂತಲೂ ನಾನು ಹೆಚ್ಚು ಹೊತ್ತು ನೋಡಿದ್ದು ಆ ಪ್ಲೇಟಿನ ಹಿಂಬದಿಯನ್ನು. ಮಳೆ ಬೀಳುವ ಮುಖಕ್ಕಿಂತ ಮಳೆ ತಾಗದ ಮುಖವನ್ನೇ ತುಕ್ಕು ಹೆಚ್ಚು ತಿಂದಿತ್ತು. ನಮ್ಮ ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಮರೆಯಲ್ಲಿ ಕುಳಿತ ಉಪ್ಪು ಅಲ್ಲೇ ಕುಳಿತು ತೇವ ಎಳೆಯುತ್ತದೆ. ಹಡಗನ್ನು ಕಾಂಕ್ರೀಟಿನ ತೊಟ್ಟಿಲಿನ ಮೇಲೆ ಕೂರಿಸಿದರೆ ಅದರ ಹೊಟ್ಟೆಯಿಡೀ ಇಂಥ ಮರೆ. ನೀರಿನಲ್ಲಿದ್ದಾಗ ಸತುವಿನ ತುಂಡುಗಳು ತಾವು ಸವೆದು ಆ ಹೊಟ್ಟೆಯನ್ನು ಕಾಯುತ್ತವೆ. ನೆಲಕ್ಕೆ ಬಂದ ಮೇಲೆ ಅವು ಬರೀ ಅಲಂಕಾರ. ಜನ ಫೋಟೊ ತೆಗೆಯುವುದು ಡೆಕ್ಕಿನದು, ಹಡಗು ಸಾಯುವುದು ಕೆಳಗಿನಿಂದ.

ಹಾಗಾದರೆ ನೀರಿನಲ್ಲೇ ಇಡಬಹುದಲ್ಲ ಎಂದು ಸಮಿತಿಯ ಮಾಷ್ಟ್ರು ಕೇಳಿದರು. ಅವರಿಗೆ ಹಳೆಯ ವಿಮಾನವಾಹಕ ನೌಕೆ ವಿಕ್ರಾಂತದ ಕಥೆ ಹೇಳಿದೆ. ಎಂಬತ್ತರ ದಶಕದ ಕೊನೆಗೆ ಎರಡು ವರ್ಷ ನಾನು ಅದರಲ್ಲಿದ್ದವನು. 1961ರಲ್ಲಿ ಸೇವೆಗೆ ಬಂದು 1997ರ ಜನವರಿ 31ರಂದು ನಿವೃತ್ತವಾಯಿತು. 2001ರಿಂದ ಮುಂಬಯಿಯಲ್ಲಿ ತೇಲುವ ಮ್ಯೂಸಿಯಂ. ತೇಲುವುದಕ್ಕೆ ಆಗಾಗ ಡ್ರೈಡಾಕ್ (ನೀರು ಬತ್ತಿಸಿ ಹಡಗು ದುರಸ್ತಿ ಮಾಡುವ ಕಟ್ಟೆ) ಬೇಕು, ನಿಲ್ಲಲು ಕಾಯಂ ಹಡಗುಕಟ್ಟೆ ಬೇಕು, ಎರಡಕ್ಕೂ ಕೊನೆಯಿಲ್ಲದ ದುಡ್ಡು ಬೇಕು. 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಬಾಗಿಲು ಮುಚ್ಚಿದರು. 2014ರಲ್ಲಿ ಸುಮಾರು 60 ಕೋಟಿಗೆ ಹರಾಜು, ಅದೇ ವರ್ಷ ಗ್ಯಾಸ್ ಕಟರ್. ಅದರ ಉಕ್ಕು ಬೈಕಿನ ಟ್ಯಾಂಕಿಗೂ ಹೋಯಿತು. ನಾನು ಕೆರೆದ ಪ್ಲೇಟು ಯಾರ ಬೈಕಿನಲ್ಲಿದೆಯೋ.

ಇನ್ನೊಂದು ವಿಮಾನವಾಹಕ ನೌಕೆ ವಿರಾಟದ್ದು ಇನ್ನೂ ಬೇಸರ. 2018ರಲ್ಲಿ ಮಹಾರಾಷ್ಟ್ರದ ಸಂಪುಟ ಅದನ್ನು ಸಿಂಧುದುರ್ಗದ ನಿವತಿ ಹತ್ತಿರ ಸ್ಮಾರಕ ಮಾಡಲು 852 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಹಡಗು ಹೋದದ್ದು ಗುಜರಾತಿನ ಅಲಂಗಿಗೆ, ಒಡೆಯುವುದಕ್ಕೆ, 38.54 ಕೋಟಿಗೆ. ಅಮೆರಿಕದವರೂ ಸುಖದಲ್ಲಿಲ್ಲ; ಟೆಕ್ಸಾಸ್ ಎಂಬ ಹಳೆಯ ಯುದ್ಧನೌಕೆ 1948ರಿಂದ ನೀರಿನಲ್ಲೇ ಸ್ಮಾರಕವಾಗಿ ನಿಂತು, ಸೋರಿ ಸೋರಿ, 2022ರಲ್ಲಿ ದುರಸ್ತಿಗೆ ಡ್ರೈಡಾಕ್ ಹತ್ತಬೇಕಾಯಿತು.

ಚೆನ್ನಾಗಿ ಉಳಿದ ಜಾಗಗಳನ್ನು ನೋಡಲಿಕ್ಕೆ ನನ್ನದೇ ಖರ್ಚಿನಲ್ಲಿ ಹೋದೆ. ಹೆಂಡತಿಗೆ ತೀರ್ಥಯಾತ್ರೆ ಎಂದು ಹೇಳಿದ್ದು, ಸಿಂಹಾಚಲಕ್ಕೂ ಹೋದ ಕಾರಣ ಸುಳ್ಳಾಗಲಿಲ್ಲ. ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ಕುರ್ಸುರ ಎಂಬ ಜಲಾಂತರ್ಗಾಮಿ ಇದೆ, 91 ಮೀಟರ್ ಉದ್ದ. 1969ರಲ್ಲಿ ಸೇವೆಗೆ ಬಂದದ್ದು, 2001ರಲ್ಲಿ ನಿವೃತ್ತ, 2002ರ ಆಗಸ್ಟಿನಲ್ಲಿ ಮ್ಯೂಸಿಯಂ. ಅದೂ ಮರಳಿನ ಮೇಲೆಯೇ, ಅಲೆಯ ಹತ್ತಿರವೇ. ಆದರೂ ನಿಂತಿದೆ, ಯಾಕೆ? ಒಳಗೆ ವಿವರ ಹೇಳುವವರು ಜಲಾಂತರ್ಗಾಮಿಗಳಲ್ಲೇ ದುಡಿದ ನಿವೃತ್ತರು, ಕೂಗಳತೆಯಲ್ಲಿ ಪೂರ್ವ ನೌಕಾ ಕಮಾಂಡ್. ತುಕ್ಕಿನ ಸದ್ದು ಗೊತ್ತಿರುವ ಕಿವಿ ದಿನವೂ ಅಲ್ಲಿದೆ. ಕಾರವಾರದ ಟಾಗೋರ್ ಬೀಚಿನಲ್ಲಿ 2006ರಿಂದ ಇರುವ ಚಪಲ ಎಂಬ ಕ್ಷಿಪಣಿ ದೋಣಿಗೂ ಪಕ್ಕದಲ್ಲೇ ನೌಕಾನೆಲೆ. ನಮ್ಮಲ್ಲಿ ಏಳಿಮಲೆಯ ನೌಕಾ ಅಕಾಡೆಮಿ ಇದೆಯಲ್ಲ ಎಂದರು ಸಮಿತಿಯವರು. ಇದೆ, ಪಕ್ಕದ ಜಿಲ್ಲೆಯಲ್ಲಿ. ಅಲ್ಲಿನ ಹುಡುಗರು ಅಧಿಕಾರಿಗಳಾಗಲು ಬಂದವರು, ನಮ್ಮ ಹಡಗು ಕೆರೆಯಲು ಅಲ್ಲ.

ಗುಜರಾತಿನ ಬದಿಯ ದೀವ್ ದ್ವೀಪದ ಮಾತು ಬೇರೆ. 1971ರ ಡಿಸೆಂಬರ್ 9ರಂದು ಅಲ್ಲಿನ ಕಡಲಿನಾಚೆ ಖುಕ್ರಿ ಎಂಬ ಯುದ್ಧನೌಕೆ ಮುಳುಗಿ 18 ಅಧಿಕಾರಿಗಳು, 176 ನಾವಿಕರು ಹೋದರು. ಅದೇ ಹೆಸರು ಹೊತ್ತ ಎರಡನೆಯ ಖುಕ್ರಿ ನಿವೃತ್ತವಾದಾಗ 2022ರಲ್ಲಿ ಆ ದ್ವೀಪಕ್ಕೇ ಕೊಟ್ಟರು. ಆ ಜಾಗಕ್ಕೆ ಹಕ್ಕಿದೆ. ನಮ್ಮ ದಂಡೆಗೆ ಅಂಥ ಹಕ್ಕು ಯಾವುದು ಎಂದು ಸಭೆಯಲ್ಲಿ ಕೇಳಿದೆ, ಬಹುಶಃ ಕೇಳಬಾರದಿತ್ತು. "ನಮ್ಮ ಮಕ್ಕಳು ನೋಡಬೇಡವಾ ಅಣ್ಣ?" ಎಂದಳು ಪಂಚಾಯತು ಸದಸ್ಯೆ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅದೂ ಒಂದು ಹಕ್ಕೇ.

ಹಾಗಾಗಿ ಬೇಡ ಎಂದು ಬರೆಯಲಿಲ್ಲ, ಎಲ್ಲಿ ಎಂದು ಬರೆದೆ. ಬೇಕಲದ ಕೋಟೆ ಹತ್ತಿರ ಆಗದು, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟುವ ಹಾಗೇ ಇಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಕಡಲಿನ ಕಡೆಗೆ ಹೋಗುವ ದಾರಿಗೆಲ್ಲ ರೈಲು ಹಳಿ ಅಡ್ಡ, ಮೇಲೆ ವಿದ್ಯುತ್ ತಂತಿ. ಆಲಪ್ಪುಳದ ಹಡಗು 25 ಮೀಟರ್, 60 ಟನ್ ಅಷ್ಟೆ. ಆದರೂ ಬೈಪಾಸಿನ ಮೇಲ್ಸೇತುವೆ ಅಡ್ಡ ಬಂದು ಕ್ರೇನಿನಲ್ಲಿ ಎತ್ತಿ ದಾಟಿಸಬೇಕಾಯಿತು. ನನ್ನ ವರದಿಯಲ್ಲಿ ಬರೆದ ಜಾಗ ಹೆದ್ದಾರಿಯಿಂದ ಮೂಡಕ್ಕೆ, ಗುಡ್ಡೆಯ ಮೇಲೆ, ಶಾಲೆಯ ಪಕ್ಕ. ಮೇಲೆ ಶೀಟಿನ ಮಾಡು, ಹೊಟ್ಟೆಯ ಕೆಳಗೆ ಮನುಷ್ಯ ತಲೆಯೆತ್ತಿ ನಿಲ್ಲುವಷ್ಟು ಎತ್ತರ, ನೀರು ನಿಲ್ಲುವ ಮೂಲೆಗಳಿಗೆಲ್ಲ ತೂತು. ಹಡಗು ಆಲಪ್ಪುಳದ್ದಕ್ಕಿಂತ ದೊಡ್ಡದು ಬೇಡ. ಮಂಜೇಶ್ವರದಿಂದ ಹೊಸದುರ್ಗದವರೆಗೆ ಫೋನ್ ಮಾಡಿ, ತಿಂಗಳಿಗೊಂದು ಭಾನುವಾರ ತುಕ್ಕು ಕೆರೆಯುವ ಚಿಪ್ಪಿಂಗ್ ಸುತ್ತಿಗೆ ಹಿಡಿಯಲು ಒಪ್ಪಿದ ಹಳೆಯ ನಾವಿಕರ ಪಟ್ಟಿಯನ್ನೂ ಲಗತ್ತಿಸಿದೆ. ಹನ್ನೊಂದು ಜನ. ಏಣಿ ಹತ್ತಬಲ್ಲವರು ನಾಲ್ಕು.

"ಹಡಗಿಗೆ ಗುಡ್ಡೆಯಲ್ಲಿ ಎಂಥ ಕೆಲಸ ಮಾರಾಯ್ರೆ, ನೆಗೆ ಮಾಡ್ತಾರೆ" ಎಂದರು ಸಮಿತಿಯವರು. ಫೋಟೊದಲ್ಲಿ ಹಿಂದೆ ಕಡಲು ಬೇಕಂತೆ. ವರದಿ ಫೈಲಿಗೆ ಹೋಯಿತು. ನಾನು ಅದೇ ಶೀಟಿನಿಂದ ಹೊಸ ಮೂರು ಪ್ಲೇಟು ಕತ್ತರಿಸಿ ಹಳೆಯ ಜಾಗಗಳಲ್ಲೇ ಕಟ್ಟಿ ಬಂದೆ, ಇನ್ನೊಂದು ಮಳೆಗಾಲದ ಲೆಕ್ಕ ಕೈಯಲ್ಲಿದ್ದರೆ ವಾದಕ್ಕೆ ಬಲ ಎಂದು.

ಮಳೆಗಾಲದ ನಡುವಿನ ಆಟಿ ತಿಂಗಳ ಕೊನೆಗೆ ಕಡಲ ಬದಿಯ ಮೊಗವೀರ ಗೆಳೆಯನ ಫೋನ್ ಬಂತು. ಪ್ಲೇಟು ಹೇಗಿದೆ ಎಂದು ಕೇಳಿದೆ.

"ಪ್ಲೇಟ್ ಬುಡ್ಲೆ, ಮರನೇ ಇಜ್ಜಿ ಅಣ್ಣೆರೇ" ಎಂದ ತುಳುವಿನಲ್ಲಿ. ಪ್ಲೇಟು ಬಿಡಿ, ಮರವೇ ಇಲ್ಲ.

ಹೋಗಿ ನೋಡಿದೆ. ಬೇರಿನ ಗುಂಡಿಯೂ ಇರಲಿಲ್ಲ, ಅಲ್ಲಿ ಅಲೆ ಆಡುತ್ತಿತ್ತು. ಸಮಿತಿಯವರು ಗೂಟ ಹೊಡೆದಿದ್ದ ಜಾಗ ಅಲ್ಲಿಂದ ನಲವತ್ತು ಹೆಜ್ಜೆ.