ಮಾಲೆ ಹಾಕುವ ಮೊದಲು: ಕುಡಿತ ನಿಲ್ಲಿಸಿದ ಮೊದಲ ನಾಲ್ಕು ದಿನ

ಶಬರಿಮಲೆಗೆ ಮಾಲೆ ಹಾಕಿದ ದಿನವೇ ಕುಡಿತ ಬಿಡುವವರು ನಮ್ಮ ಕಾಸರಗೋಡಿನ ಕಡೆ ಬಹಳ. ಒಳ್ಳೆಯ ನಿರ್ಧಾರ. ಆದರೆ ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಬರಬಹುದು. ಆದ್ದರಿಂದ ಮಾಲೆಗೆ ಒಂದು ವಾರ ಮೊದಲೇ ವೈದ್ಯರನ್ನು ಕಾಣಿ.

ಮೊದಲು ಲೆಕ್ಕ ಹಾಕಿ. 180 ಮಿಲಿಯ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಗಡಿಯಾಚೆಯಿಂದ ಬರುವ 90 ಮಿಲಿಯ ಪ್ಯಾಕೆಟ್ ಎರಡಾದರೂ ಅಷ್ಟೇ. ಗಂಗಸರದಲ್ಲಿ, ಅಂದರೆ ಕಳ್ಳಭಟ್ಟಿಯಲ್ಲಿ, ಎಷ್ಟಿದೆಯೆಂದು ಕಾಯಿಸಿದವನಿಗೂ ಗೊತ್ತಿರುವುದಿಲ್ಲ, ಹೆಚ್ಚೇ ಎಂದು ಹಿಡಿಯಿರಿ. ದಿನಾ ಕ್ವಾರ್ಟರ್ ದಾಟುತ್ತಿದ್ದರೆ, ಬೆಳಿಗ್ಗೆ ಕೈನಡುಕ ನಿಲ್ಲಲಿಕ್ಕೆ ಕುಡಿಯಬೇಕಾಗುತ್ತಿದ್ದರೆ, ಅಥವಾ ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಮನೆಯಲ್ಲೇ ನಿಲ್ಲಿಸುವ ಯೋಚನೆ ಬೇಡ.

ಮದ್ಯ ಮಿದುಳನ್ನು ಮಂಕುಮಾಡುತ್ತದೆ. ಅದನ್ನು ಎದುರಿಸಲು ಮಿದುಳು ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯ ಹಠಾತ್ತಾಗಿ ಇಲ್ಲವಾದಾಗ ಆ ಉದ್ರೇಕ ಮಾತ್ರ ಉಳಿಯುತ್ತದೆ. ಕೊನೆಯ ಸಲ ಕುಡಿದ 6ರಿಂದ 12 ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ ಶುರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರು ಗೋಡೆಯಲ್ಲಿ ಹುಳು ಹರಿಯುತ್ತದೆ ಎನ್ನುತ್ತಾರೆ, ಇಲ್ಲದವರೊಡನೆ ಮಾತಾಡುತ್ತಾರೆ, ಮನೆಯವರ ಗುರುತೂ ಸಿಗುವುದಿಲ್ಲ. ಇದನ್ನು ಭೂತದ ಉಪದ್ರವೆಂದು ತಿಳಿದು ಹೊತ್ತು ಕಳೆಯಬೇಡಿ. ಜೋಯಿಸರಲ್ಲಿ ಪ್ರಶ್ನೆ ಇಡಿಸುವುದಾದರೆ ಗುಣವಾದ ಮೇಲೆ ಇಡಿಸಿ, ಈಗ 108ಕ್ಕೆ ಕರೆಮಾಡಿ.

ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ತಲೆಯಡಿಗೆ ಮಡಚಿದ ಬಟ್ಟೆ ಇಡಿ. ಬಾಯಿಗೆ ನೀರು, ಚಮಚ ಏನೂ ಬೇಡ. ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುವುದಿಲ್ಲ.

ಆಸ್ಪತ್ರೆಗೆ ಹೋಗುವಾಗ ಒಂದು ಚೀಟಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದ ಗಂಟೆ, ಈಗ ತೆಗೆದುಕೊಳ್ಳುವ ಮದ್ದು. "ಅಣ್ಣಾ, ನಿನ್ನೆ ಎಷ್ಟು ಹೊತ್ತಿಗೆ ಕುಡಿದದ್ದು?" ಎಂದು ಮೆಲ್ಲಗೆ ಕೇಳಿದರೆ ನಿಜ ಹೇಳುತ್ತಾರೆ, ಬೈದು ಕೇಳಿದರೆ ಅರ್ಧ ಮುಚ್ಚಿಡುತ್ತಾರೆ. ಮಂಜೇಶ್ವರ, ಬದಿಯಡ್ಕ ಕಡೆಯ ಹಿರಿಯರಿಗೆ ಮಲಯಾಳ ತೊಡಕಾದರೆ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಸುಸ್ತೆಂದು ಗ್ಲೂಕೋಸ್ ಡ್ರಿಪ್ ಹಾಕಿಸಲು ಹೋದರೂ ಕುಡಿತದ ವಿಷಯ ಮೊದಲೇ ಹೇಳಿ. ಥಯಾಮಿನ್, ಅಂದರೆ ವಿಟಮಿನ್ ಬಿ1, ತೀರಾ ಕಡಿಮೆಯಾದವರಿಗೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ನಡುಕಕ್ಕೆ ಕೊಡುವ ಮಾತ್ರೆಯನ್ನು ವೈದ್ಯರು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಮದ್ದಿನ ಅಂಗಡಿಯಿಂದ ನೀವೇ ತಂದು ಮುಂದುವರಿಸಿದರೆ ಅದೇ ಇನ್ನೊಂದು ಚಟವಾಗುತ್ತದೆ.

ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಎಂಬ ವ್ಯಸನಮುಕ್ತಿ ಯೋಜನೆಯ ಸಹಾಯವಾಣಿ 14405. ದೇಶಕ್ಕೆಲ್ಲ ಒಂದೇ ಆದ ವ್ಯಸನಮುಕ್ತಿ ಸಂಖ್ಯೆ 14446. ಗಾಂಜಾ, ಎಂಡಿಎಂಎ ಚಟಕ್ಕೂ ಇಲ್ಲಿ ಕೇಳಬಹುದು.

ಇನ್ನೊಂದು ವಿಷಯ ಒತ್ತಿ ಹೇಳಲೇಬೇಕು. ಗೊತ್ತಾಗದಂತೆ ಸಾರಿಗೆ ಬೆರೆಸುವ ಪುಡಿ, ಮಾತ್ರೆಗಳ ಸಹವಾಸ ಬೇಡ. ಅವುಗಳಲ್ಲಿ ಡೈಸಲ್ಫಿರಾಂ ಎಂಬ ಕುಡಿತ ಬಿಡಿಸುವ ಮದ್ದು ಇರಬಹುದು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ರಕ್ತದೊತ್ತಡ ಕುಸಿಯುತ್ತದೆ. ಹೃದ್ರೋಗಿಗಳು ಸಾಯಲೂಬಹುದು. ಕುಡಿದವರಿಗೆ ತಾನು ತಿಂದದ್ದೇ ಗೊತ್ತಿಲ್ಲದ್ದರಿಂದ ವೈದ್ಯರಿಗೂ ಕಾರಣ ತಿಳಿಯುವುದಿಲ್ಲ. ಈ ಮಾತ್ರೆಯನ್ನು ರೋಗಿಯ ಒಪ್ಪಿಗೆ ಪಡೆದು, ಲಿವರ್ ಪರೀಕ್ಷೆ ಮಾಡಿಸಿ, ಕೊನೆಯ ಕುಡಿತದ ನಂತರ ಕನಿಷ್ಠ 12 ಗಂಟೆ ಬಿಟ್ಟು ಶುರುಮಾಡುತ್ತಾರೆ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು, ಆಲ್ಕೋಹಾಲ್ ಇರುವ ಕೆಮ್ಮಿನ ಟಾನಿಕ್ಕೂ ಆಯುರ್ವೇದದ ಅರಿಷ್ಟವೂ ಅಲ್ಲಿಯವರೆಗೆ ವರ್ಜ್ಯ.