ಮೈನಸ್ ನಂಬರ್ ಇದ್ದವರು ಬಣ್ಣದ ಲೆನ್ಸ್ ಆರಿಸುವುದು ಹೇಗೆ?

ಹೋದ ವರ್ಷ ಕಲಬುರಗಿಯಲ್ಲಿ ನಮ್ಮ ಅಕ್ಕನ ಮಗಳ ಮದುವೆ ಗೊತ್ತಾಯಿತು. ಸೀರೆ ಆಯಿತು, ಬಂಗಾರ ಆಯಿತು. ಅವಳ ಪಟ್ಟಿಯಲ್ಲಿ ಉಳಿದದ್ದು ಒಂದೇ, ಕಣ್ಣಿಗೆ ಬೂದು ಬಣ್ಣದ ಕಾಂಟ್ಯಾಕ್ಟ್ ಲೆನ್ಸ್. ಏಳನೇ ಕ್ಲಾಸಿನಿಂದ ಚಷ್ಮಾ ಹಾಕುವ ಹುಡುಗಿ ಅವಳು. ಮದುವೆ ಫೋಟೊದಲ್ಲಿ ಚಷ್ಮಾ ಬೇಡ. ಹಾಗಂತ ಅಕ್ಕಿಕಾಳು ಹಾಕಲು ಬಂದವರ ಮುಖ ಮಸುಕಾದರೂ ನಡೆಯುವುದಿಲ್ಲ.

"ಮೌಶಿ, ನನಗ ಗ್ರೇ ಬೇಕು. ನಂಬರ್ ಆಮ್ಯಾಗ ನೋಡಮು" ಎಂದು ಮೊಬೈಲಿನಲ್ಲಿ ಒಂದು ಫೋಟೊ ಮುಂದೆ ಹಿಡಿದಳು.

ಬಹಳ ಜನ ಶುರು ಮಾಡುವುದೇ ಹೀಗೆ. ಬಣ್ಣ ಮೊದಲು, ನಂಬರ್ ಆಮೇಲೆ, ಅಳತೆಯ ನೆನಪಂತೂ ಯಾರಿಗೂ ಇಲ್ಲ. ಮಾಡಬೇಕಾದದ್ದು ಇದರ ಉಲ್ಟಾ. ನಾನು ಲೆನ್ಸ್ ಹಾಕಲು ಶುರು ಮಾಡಿ ಬಹಳ ವರ್ಷ ಆಯಿತು, ಮಾಡಬಾರದ ತಪ್ಪುಗಳನ್ನೂ ಮಾಡಿದ್ದೇನೆ. ಹಾಗಾಗಿ ಅವಳನ್ನು ಕರೆದುಕೊಂಡು ಹೋದ ದಾರಿಯನ್ನೇ ಇಲ್ಲಿ ಬರೆಯುತ್ತೇನೆ.

ಹೆಜ್ಜೆ 1: ಒಂದು ತಿಂಗಳ ಮೊದಲೇ ಕಣ್ಣು ತೋರಿಸಿ

ಹಳೇ ನಂಬರ್ ಚೀಟಿ ಹಿಡಿದು ಸೀದಾ ಅಂಗಡಿಗೆ ಹೋಗಬೇಡಿ. ಮೊದಲು ಕಣ್ಣಿನ ಡಾಕ್ಟರಿಗೋ ನಂಬರ್ ಪರೀಕ್ಷೆ ಮಾಡುವ ಆಪ್ಟೊಮೆಟ್ರಿಸ್ಟಿಗೋ ತೋರಿಸಿ, "ಲೆನ್ಸ್ ಹಾಕಬೇಕು ಅಂತಿದ್ದೇನೆ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಬರೀ ಚಷ್ಮಾ ನಂಬರ್ ಬರೆದುಕೊಟ್ಟು ಕಳಿಸುತ್ತಾರೆ. ಲೆನ್ಸಿಗೆ ಬೇರೆ ಪರೀಕ್ಷೆ ಇದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ ಎಷ್ಟು ಬಾಗಿದೆ ಎಂದು ಅಳೆಯಬೇಕು. ಕಣ್ಣೀರು ಸಾಕಷ್ಟಿದೆಯಾ, ರೆಪ್ಪೆಯ ಒಳಗೆ ಅಲರ್ಜಿಯ ಗುಳ್ಳೆ ಇವೆಯಾ ಎಂದು ನೋಡಬೇಕು.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಕೂಲರ್ ಗಾಳಿ ನೇರ ಮುಖಕ್ಕೆ ಹೊಡೆಯುತ್ತಿರುತ್ತದೆ. ಮೆತ್ತನೆ ಲೆನ್ಸ್ ಸ್ಪಂಜಿನ ಹಾಗೆ ನೀರು ಹಿಡಿದುಕೊಂಡಿರುವ ವಸ್ತು. ಒಣಗಿದರೆ ಕಣ್ಣಿಗೆ ಅಂಟಿ ಚುಚ್ಚುತ್ತದೆ. ತೊಗರಿ ಬೇಳೆ ಮಿಲ್ಲಿನಲ್ಲಿ, ಶಹಾಬಾದ್ ಕಲ್ಲು ಪಾಲಿಶ್ ಮಾಡುವ ಕಡೆ, ಸಿಮೆಂಟ್ ಫ್ಯಾಕ್ಟರಿಯಲ್ಲಿ ದಿನವಿಡೀ ಇರುವವರು ಕೆಲಸದ ಹೊತ್ತಿನಲ್ಲಿ ಲೆನ್ಸ್ ಹಾಕದಿರುವುದೇ ಒಳ್ಳೆಯದು. ಶುಗರ್ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹೆಜ್ಜೆ 2: ಚಷ್ಮಾ ನಂಬರೇ ಲೆನ್ಸ್ ನಂಬರ್ ಅಲ್ಲ

ಜಾಸ್ತಿ ಜನ ಎಡವುವುದು ಇಲ್ಲೇ. ನಮ್ಮ ಹುಡುಗಿಯ ಚೀಟಿಯಲ್ಲಿ ಬಲಗಣ್ಣಿಗೆ ಮೈನಸ್ 6.00 ಎಂದಿತ್ತು. ಎಡಗಣ್ಣಿಗೆ ಮೈನಸ್ 5.00, ಜೊತೆಗೆ ಸಿಲಿಂಡರ್ ಮೈನಸ್ 0.75. ಪರೀಕ್ಷೆ ಮಾಡಿದವರು ಲೆನ್ಸಿಗೆ ಬರೆದುಕೊಟ್ಟದ್ದು ಬಲಕ್ಕೆ 5.50, ಎಡಕ್ಕೆ 5.00. "ಒಂದು ಕಡೆ ಕಮ್ಮಿ ಆಯ್ತು, ಇನ್ನೊಂದು ಇದ್ದಂಗೇ ಅದ. ತಪ್ಪು ಬರದಾರೇನು ಮೌಶಿ?" ಎಂದು ಅವಳಿಗೆ ಅನುಮಾನ. ತಪ್ಪೇನಿರಲಿಲ್ಲ.

ಚಷ್ಮಾದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಕೂತಿರುತ್ತದೆ. ಲೆನ್ಸ್ ಕೂರುವುದು ಕಣ್ಣಿನ ಮೇಲೆಯೇ. ಮೈನಸ್ ಗಾಜು ಕಣ್ಣಿಗೆ ಹತ್ತಿರ ಬಂದಷ್ಟೂ ಅದರ ಜೋರು ಹೆಚ್ಚು. ಹಾಗಾಗಿ ಲೆನ್ಸಿನಲ್ಲಿ ನಂಬರ್ ಕಡಿಮೆ ಸಾಕು. ಮೈನಸ್ 4ರ ತನಕ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಂದ ಮುಂದೆ ಬರುತ್ತದೆ. ಚಷ್ಮಾದ 6.00 ಲೆನ್ಸಿನಲ್ಲಿ ಸುಮಾರು 5.60 ಆಗುತ್ತದೆ, ಡಬ್ಬಿಯಲ್ಲಿ ಸಿಗುವ ಹತ್ತಿರದ ನಂಬರ್ 5.50. ಚಷ್ಮಾದ 8.00 ಸುಮಾರು 7.30ಕ್ಕೆ ಇಳಿಯುತ್ತದೆ. ನಂಬರ್ ಹೆಚ್ಚಾದಷ್ಟೂ ವ್ಯತ್ಯಾಸವೂ ದೊಡ್ಡದು.

ಎಡಗಣ್ಣಿನ ಕಥೆ ಬೇರೆ. ಕಾರ್ನಿಯಾ ಎಲ್ಲ ಕಡೆ ಒಂದೇ ಸಮ ಬಾಗಿರದಿದ್ದರೆ ಚೀಟಿಯಲ್ಲಿ ಸಿಲಿಂಡರ್ ನಂಬರ್ ಬರುತ್ತದೆ. ಅದನ್ನು ಸರಿಮಾಡುವ ಟೋರಿಕ್ ಲೆನ್ಸ್ ಬಣ್ಣದಲ್ಲಿ ಸಿಗುವುದು ಅಪರೂಪ. ಸಿಲಿಂಡರ್ ಕಡಿಮೆ ಇದ್ದಾಗ ಅದರ ಅರ್ಧವನ್ನು ಮುಖ್ಯ ನಂಬರಿಗೆ ಸೇರಿಸಿ ಸುಧಾರಿಸುತ್ತಾರೆ. ಇವಳ ಎಡಗಣ್ಣಿಗೆ ಗಾಜಿಗೂ ಕಣ್ಣಿಗೂ ಇರುವ ದೂರದ ಲೆಕ್ಕದಲ್ಲಿ ಇಳಿದಷ್ಟು ಸಿಲಿಂಡರ್ ಲೆಕ್ಕದಲ್ಲಿ ಏರಿತು. ನಂಬರ್ ಇದ್ದಲ್ಲೇ ನಿಂತಿತು. ಸಿಲಿಂಡರ್ ಒಂದು, ಒಂದೂವರೆ ದಾಟಿದ್ದರೆ ಈ ಉಪಾಯ ಸಾಲದು. ಅಕ್ಷರಗಳ ಪಕ್ಕ ನೆರಳು ಬಿದ್ದ ಹಾಗೆ ಕಾಣುತ್ತದೆ. ಅಂಥವರು ಬಣ್ಣದ ಆಸೆಯನ್ನು ಫೋಟೊ ಹೊತ್ತಿಗೆ ಸೀಮಿತ ಮಾಡಿಕೊಳ್ಳಬೇಕು, ಇಲ್ಲವೇ ಬಣ್ಣವಿಲ್ಲದ ಟೋರಿಕ್ ಲೆನ್ಸಿಗೆ ಒಪ್ಪಿಕೊಳ್ಳಬೇಕು.

ಈ ಲೆಕ್ಕವನ್ನು ಮನೆಯಲ್ಲಿ ನೀವೇ ಮಾಡಿ ಆನ್‌ಲೈನ್‌ನಲ್ಲಿ ತರಿಸಬೇಡಿ. ಆದರೆ ಗೊತ್ತಿದ್ದರೆ, ಅಂಗಡಿಯವರು ಚಷ್ಮಾ ಚೀಟಿ ನೋಡಿ ಅದೇ ನಂಬರಿನ ಡಬ್ಬಿ ತೆಗೆಯುತ್ತಿದ್ದಾರೆ ಎಂದಾಗ ಕೇಳಬಹುದು, ಅಲ್ವಾ?

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ನಾವು ಮೈನಸ್ ನಂಬರಿನವರು ಪೇಪರ್ ಓದಲು ಚಷ್ಮಾ ತೆಗೆದುಬಿಡುತ್ತೇವೆ. ಲೆನ್ಸನ್ನು ಹಾಗೆ ತೆಗೆಯಲಾಗುವುದಿಲ್ಲ. ನಾನು ಲೆನ್ಸ್ ಹಾಕಿದ ದಿನ ಮೊಬೈಲ್ ನೋಡಲು ಮೇಲೊಂದು ಚಾಳೀಸು ಚಷ್ಮಾ ಬೇಕೇ ಬೇಕು. ಚಷ್ಮಾ ತಪ್ಪಿಸಲು ಲೆನ್ಸ್, ಲೆನ್ಸಿನ ಮೇಲೆ ಮತ್ತೆ ಚಷ್ಮಾ!

ಹೆಜ್ಜೆ 3: ಅಳತೆ

ಡಬ್ಬಿಯ ಮೇಲೆ ಎರಡು ಅಳತೆ ಇರುತ್ತವೆ. ಬಿ.ಸಿ. ಅಂದರೆ ಬೇಸ್ ಕರ್ವ್, ಲೆನ್ಸ್ ಎಷ್ಟು ಬಾಗಿದೆ ಎಂಬುದು. ಸಾಮಾನ್ಯವಾಗಿ 8.4ರಿಂದ 8.8 ಮಿಲಿಮೀಟರ್. ಡಯಾ ಅಂದರೆ ಅಗಲ, 14 ಮಿಲಿಮೀಟರ್ ಆಸುಪಾಸು. ಬಿಗಿಯಾದ ಲೆನ್ಸ್ ಕಣ್ಣನ್ನು ಕಚ್ಚಿ ಹಿಡಿಯುತ್ತದೆ. ಸಡಿಲವಾದದ್ದು ರೆಪ್ಪೆ ಬಡಿದಾಗಲೆಲ್ಲ ಜಾರುತ್ತದೆ. ಬಣ್ಣವಿಲ್ಲದ ಲೆನ್ಸ್ ತುಸು ಜಾರಿದರೆ ಯಾರಿಗೂ ಕಾಣದು. ಬಣ್ಣದ್ದು ಜಾರಿದರೆ ಕಣ್ಣಿನ ಪಾಪೆ ಒಂದು ಕಡೆ, ಲೆನ್ಸಿನ ನಡುವೆ ಬಣ್ಣ ಹಾಕದೆ ಬಿಟ್ಟ ಜಾಗ ಇನ್ನೊಂದು ಕಡೆ. ಬಣ್ಣವೇ ದೃಷ್ಟಿಗೆ ಅಡ್ಡ ಬರುತ್ತದೆ. ಅದಕ್ಕೇ ಟ್ರಯಲ್ ಲೆನ್ಸ್ ಹಾಕಿಸಿ ಹದಿನೈದು ಇಪ್ಪತ್ತು ನಿಮಿಷ ಕೂತು, ಮೇಲೆ ಕೆಳಗೆ ನೋಡಿ, ಮಷೀನಿನಲ್ಲಿ ತೋರಿಸಿ.

ಹೆಜ್ಜೆ 4: ದಿನದ್ದೋ, ತಿಂಗಳದ್ದೋ?

ಒಂದು ಮದುವೆಗೆ ಮಾತ್ರ ಅಂತಾದರೆ ದಿನದ ಲೆನ್ಸ್ ತಗೊಳ್ಳಿ. ಬೆಳಿಗ್ಗೆ ಹಾಕು, ಸಂಜೆ ಎಸೆ. ತೊಳೆಯುವ ಕೆಲಸವಿಲ್ಲ. ಹೆಚ್ಚು ನಂಬರಿನವರಿಗೆ ದಿನದ ಬಣ್ಣದ ಲೆನ್ಸ್ ಸಿಗುವುದು ಸ್ವಲ್ಪ ಕಷ್ಟ, ಆಗ ತಿಂಗಳದ್ದು. ತಿಂಗಳ ಲೆಕ್ಕ ಡಬ್ಬಿ ಒಡೆದ ದಿನದಿಂದ, ಹಾಕಿದ ದಿನಗಳದ್ದಲ್ಲ. "ನಾಲ್ಕೇ ಸಲ ಹಾಕಿದ್ದೆ, ಇನ್ನೂ ಹೊಸದಿದೆ" ಎನ್ನುವ ಮಾತು ನಡೆಯುವುದಿಲ್ಲ. ವರ್ಷದ ಲೆನ್ಸ್ ಅಗ್ಗ ಎನಿಸುತ್ತದೆ, ನಾನಂತೂ ಯಾರಿಗೂ ಹೇಳುವುದಿಲ್ಲ.

ಹೆಜ್ಜೆ 5: ಈಗ ಬಣ್ಣ

ನಮ್ಮ ಕಡೆಯವರ ಕಣ್ಣು ಹೆಚ್ಚಾಗಿ ಗಾಢ ಕಂದು. ಅದರ ಮೇಲೆ ತೆಳು ಬಣ್ಣದ ಲೆನ್ಸ್ ಹಾಕಿದರೆ ಏನೂ ಕಾಣುವುದಿಲ್ಲ, ಕಪ್ಪು ಸೀರೆಗೆ ನೀಲಿ ಹಾಕಿದ ಹಾಗೆ. ಬೇಕಾದದ್ದು ಒಪೇಕ್ ಲೆನ್ಸ್, ಅಂದರೆ ಕೆಳಗಿನ ಬಣ್ಣವನ್ನು ಮುಚ್ಚುವಂಥದ್ದು. ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಚುಕ್ಕೆ, ಗೀಟುಗಳಲ್ಲಿ ಬಣ್ಣ ಅಚ್ಚು ಹಾಕಿರುತ್ತಾರೆ. ಚುಕ್ಕೆಗಳ ಸಂದಿಯಲ್ಲಿ ನಮ್ಮ ಸ್ವಂತ ಕಂದು ಇಣುಕಿದರೆ ಸಹಜ ಎನಿಸುತ್ತದೆ. ಪೂರ್ತಿ ಒಂದೇ ಬಣ್ಣ ಬಳಿದದ್ದು ಗೊಂಬೆ ಕಣ್ಣಿನ ಹಾಗೆ ಕಾಣುತ್ತದೆ.

ಸೂಪರ್ ಮಾರ್ಕೆಟ್ ಹತ್ತಿರದ ಒಂದು ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಅವಳಿಗೆ ಗ್ರೇ ಬಹಳ ಚೆಂದ ಕಂಡಿತು. ಕೈಹಿಡಿದು ಹೊರಗೆ ಬಿಸಿಲಿಗೆ ಕರೆದುಕೊಂಡು ಬಂದೆ. ಸಣ್ಣ ಕನ್ನಡಿ ಹಿಡಿದು ನೋಡಿಕೊಂಡಳು. ಬಿಸಿಲಿಗೆ ಕಣ್ಣಿನ ಪಾಪೆ ಸಣ್ಣದಾಗಿ, ಅದರ ಸುತ್ತ ಅವಳದೇ ಕಂದು ಬಳೆಯ ಹಾಗೆ ಕಂಡಿತು, ಆಚೆಗೆ ತಟ್ಟನೆ ಬೂದು. ಅವಳೇ "ಬ್ಯಾಡ" ಎಂದಳು. ಆಮೇಲೆ ಹಾಕಿದ ಹೇಜಲ್, ಅಂದರೆ ಹಸಿರು ಬೆರೆತ ಕಂದು, ಅವಳ ಗೋಧಿ ಮೈಬಣ್ಣಕ್ಕೆ ಹೊಂದಿತು. ಜೇನು ಬಣ್ಣ, ಹೇಜಲ್, ತಿಳಿ ಕಂದು ನಮ್ಮ ಮುಖಕ್ಕೆ ಸುಲಭವಾಗಿ ಒಗ್ಗುತ್ತವೆ. ಹಸಿರು, ನೀಲಿಗೆ ಸ್ವಲ್ಪ ಧೈರ್ಯ ಬೇಕು. ಯಾವುದೇ ಇರಲಿ, ಒಮ್ಮೆ ಹಗಲಿನಲ್ಲಿ, ಒಮ್ಮೆ ದೀಪದಲ್ಲಿ ನೋಡಿ.

ಕತ್ತಲಲ್ಲಿ ಆಗುವುದು ಇದರ ಉಲ್ಟಾ. ಪಾಪೆ ಅಗಲವಾಗುತ್ತದೆ, ಲೆನ್ಸಿನ ನಡುವಿನ ಬಣ್ಣವಿಲ್ಲದ ಜಾಗ ಅಷ್ಟೇ ಇರುತ್ತದೆ. ಬಣ್ಣದ ಅಂಚು ಅಡ್ಡ ಬಂದು ಸುತ್ತ ಮಂಜು ಕವಿದ ಹಾಗೆ ಕಾಣುತ್ತದೆ. ಎದುರಿನ ಗಾಡಿಯ ಲೈಟು ಚೆದುರುತ್ತದೆ. ಬಣ್ಣದ ಲೆನ್ಸ್ ಹಾಕಿ ರಾತ್ರಿ ಗಾಡಿ ಓಡಿಸಬೇಡಿ.

ಹೆಜ್ಜೆ 6: ಪಾರ್ಲರ್ ಡಬ್ಬಿಗೆ ಬೇಡ ಎನ್ನಿ

ಮದುಮಗಳಿಗೆ ಮೇಕಪ್ ಮಾಡುವ ಕೆಲವರ ಹತ್ತಿರ ಒಂದು ಲೆನ್ಸ್ ಡಬ್ಬಿ ಇರುತ್ತದೆ. ಒಬ್ಬರಿಗೆ ಹಾಕಿದ್ದನ್ನು ತೊಳೆದು ಇನ್ನೊಬ್ಬರಿಗೆ ಹಾಕುತ್ತಾರೆ. ಎಷ್ಟು ತೊಳೆದರೂ ಬೇಡ, ತಂಗಿಯದ್ದಾದರೂ ಬೇಡ. ಅದರಲ್ಲಿ ನಿಮ್ಮ ನಂಬರ್ ಇರುವುದಿಲ್ಲ, ನಿಮ್ಮ ಅಳತೆ ಇರುವುದಿಲ್ಲ, ಇರುವುದು ಇನ್ನೊಬ್ಬರ ಕಣ್ಣಿನ ಸೋಂಕು ಮಾತ್ರ. ಅಮೆರಿಕದಲ್ಲಿ 2005ರಲ್ಲೇ ನಂಬರ್ ಇಲ್ಲದ ಶೋಕಿ ಲೆನ್ಸನ್ನೂ ವೈದ್ಯಕೀಯ ಸಾಧನ ಎಂದು ಕಾನೂನು ಮಾಡಿದರು. ಸೀಲ್ ಒಡೆಯದ ಡಬ್ಬಿ, ಅದರ ಮೇಲೆ ಕಂಪನಿ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ, ನಿಮ್ಮ ಪವರ್, ಬಿ.ಸಿ., ಡಯಾ ಇದ್ದರೆ ಮಾತ್ರ ತಗೊಳ್ಳಿ. ಎಡ ಬಲ ನಂಬರ್ ಬೇರೆ ಇದ್ದರೆ ಎರಡು ಡಬ್ಬಿ ಬೇಕಾಗಬಹುದು.

ಹೆಜ್ಜೆ 7: ಕೈ ತೊಳೆಯಿರಿ, ಲೆನ್ಸಿಗೆ ನೀರು ತಾಕಿಸಬೇಡಿ

ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ಉಂಡು, ಕೈಯನ್ನು ಬರೀ ನೀರಲ್ಲಿ ತೊಳೆದು ಲೆನ್ಸ್ ತೆಗೆಯಲು ಹೋದವಳು ನಾನು. ಆ ಉರಿ ಇವತ್ತಿಗೂ ಮರೆತಿಲ್ಲ. ಸೋಪಿನಲ್ಲಿ ಎರಡು ಸಲ ತೊಳೆಯಿರಿ, ನಾರು ಬಿಡದ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಉದ್ದ ಉಗುರಿದ್ದರೆ ಬೆರಳಿನ ಮೆತ್ತನೆ ಭಾಗದಿಂದಲೇ ಮುಟ್ಟಿ.

ಲೆನ್ಸನ್ನು ಬೆರಳ ತುದಿಯಲ್ಲಿ ಇಟ್ಟು ಪಕ್ಕದಿಂದ ನೋಡಿ. ಬಟ್ಟಲಿನ ಹಾಗಿದ್ದರೆ ಸರಿ. ಅಂಚು ತಟ್ಟೆಯಂತೆ ಹೊರಗೆ ಚಾಚಿದ್ದರೆ ಉಲ್ಟಾ ಆಗಿದೆ. ಯಾವಾಗಲೂ ಬಲಗಣ್ಣಿನಿಂದ ಶುರು ಮಾಡುವ ರೂಢಿ ಇಟ್ಟುಕೊಂಡರೆ 5.50 ಎಡಕ್ಕೆ ಹೋಗುವ ಗೊಂದಲ ಇರುವುದಿಲ್ಲ.

ನೀರಿನ ವಿಷಯ. ಒಮ್ಮೆ ರಾತ್ರಿ ಲೆನ್ಸ್ ತೊಳೆದು ನೆನೆಸಿಡುವ ಸೊಲ್ಯೂಷನ್ ಮುಗಿದಿತ್ತು. ಕುಡಿಯುವ ಫಿಲ್ಟರ್ ನೀರು ತಾನೇ ಎಂದು ಲೆನ್ಸನ್ನು ಅದರಲ್ಲಿ ಇಟ್ಟೆ. ಮೂರು ದಿನ ಕಣ್ಣು ಕೆಂಡವಾಗಿತ್ತು. ಅಷ್ಟಕ್ಕೇ ಬಚಾವಾದೆ ಎಂದು ಡಾಕ್ಟರ್ ಬೈದರು. ನಲ್ಲಿ, ಬೋರು, ಟ್ಯಾಂಕ್ ಯಾವ ನೀರಲ್ಲಾದರೂ ಅಕಾಂತಮೀಬಾ ಎಂಬ ಒಂದೇ ಜೀವಕೋಶದ ಜೀವಿ ಇರಬಹುದು. ಕುಡಿದರೆ ಸಾಮಾನ್ಯವಾಗಿ ಏನೂ ಆಗದು. ಲೆನ್ಸಿಗೆ ಅಂಟಿ ಕಾರ್ನಿಯಾಕ್ಕೆ ಇಳಿದರೆ ತಿಂಗಳುಗಟ್ಟಲೆ ಔಷಧಿ, ಕೆಲವರಿಗೆ ದೃಷ್ಟಿಯೇ ಹೋಗುತ್ತದೆ. ಹಾಗಾಗಿ ಸೊಲ್ಯೂಷನ್ ಬಿಟ್ಟು ಬೇರೇನೂ ಬೇಡ. ಅಂಗೈಯಲ್ಲಿ ಮೆಲ್ಲಗೆ ಉಜ್ಜಿ, ತೊಳೆದು, ಲೆನ್ಸ್ ಇಡುವ ಕೇಸಿಗೆ ದಿನವೂ ಹೊಸ ಸೊಲ್ಯೂಷನ್ ಹಾಕಿ, ಹಳೇದರ ಮೇಲೆ ಸುರಿಯಬೇಡಿ. ಕೇಸನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ಸೊಲ್ಯೂಷನ್ ಬಾಟಲಿಯನ್ನು ಬಿಸಿಲಲ್ಲಿ ನಿಂತ ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ.

ಹೆಜ್ಜೆ 8: ಮದುವೆಗೆ ಮೊದಲು ರೂಢಿ

ಮೊದಲ ದಿನ ನಾಲ್ಕು ತಾಸು ಸಾಕು. ಆಮೇಲೆ ದಿನಕ್ಕೆ ಒಂದೊಂದು ತಾಸು ಏರಿಸಿ ಎಂಟರ ತನಕ ಹೋಗಬಹುದು. ಮೈನಸ್ ಚಷ್ಮಾ ಎಲ್ಲವನ್ನೂ ತುಸು ಚಿಕ್ಕದು ಮಾಡಿ ತೋರಿಸುತ್ತಿರುತ್ತದೆ. ಲೆನ್ಸಿನಲ್ಲಿ ಎಲ್ಲ ಒಮ್ಮೆಲೇ ದೊಡ್ಡದು, ಹತ್ತಿರ ಎನಿಸುತ್ತದೆ. ಮೆಟ್ಟಿಲು ಇಳಿಯುವಾಗ ಮೊದಲೆರಡು ದಿನ ಜೋಪಾನ.

ಮದುವೆ ದಿನ ಸುರಗಿ ನೀರು ಹಾಕುವಾಗ ಲೆನ್ಸ್ ಇರಲೇಬಾರದು. ನಮ್ಮವಳು ಸುರಗಿಗೆ ಚಷ್ಮಾ ತೆಗೆದಿಟ್ಟು ಬರಿಗಣ್ಣಲ್ಲೇ ಕೂತಳು, ತಲೆ ಒರೆಸಿ ಸೀರೆ ಉಟ್ಟ ಮೇಲೆ ಲೆನ್ಸ್ ಹಾಕಿಕೊಂಡಳು. ಆಮೇಲೆ ಕಾಡಿಗೆ, ಮೇಕಪ್. ರಾತ್ರಿ ಇದರ ಉಲ್ಟಾ. ಮೊದಲು ಲೆನ್ಸ್ ತೆಗೆ, ಆಮೇಲೆ ಮೇಕಪ್ ಒರೆಸು. ಎಷ್ಟೇ ಸುಸ್ತಾಗಿರಲಿ, ಲೆನ್ಸ್ ಹಾಕಿಕೊಂಡು ಮಲಗಬಾರದು. ಬೆಂಗಳೂರಿಗೆ ರಾತ್ರಿ ಬಸ್ ಹತ್ತುವವರು ಹತ್ತುವ ಮೊದಲೇ ತೆಗೆಯಿರಿ. ಅವಳ ಚಷ್ಮಾ ಆ ದಿನವಿಡೀ ನನ್ನ ಚೀಲದಲ್ಲಿತ್ತು.

ಹೆಜ್ಜೆ 9: ಕಣ್ಣು ಕೆಂಪಾದರೆ

ಕೆಂಪು, ನೋವು, ಬೆಳಕು ನೋಡಲಾಗದಿರುವುದು, ಮಸುಕು. ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆದುಬಿಡಿ. ನಾಳೆ ನೋಡೋಣ ಎಂದು ಮತ್ತೆ ಹಾಕಬೇಡಿ. ಮನೆಯಲ್ಲಿರುವ ಹಳೇ ಡ್ರಾಪ್ಸ್ ಬಿಡಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಒಳಗೊಳಗೇ ಹಬ್ಬುತ್ತದೆ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ತೆಗೆದ ಲೆನ್ಸನ್ನು ಎಸೆಯದೆ ಕೇಸಿನ ಸಮೇತ ಒಯ್ಯಿರಿ. ಯಾವ ಸೋಂಕು ಎಂದು ತಿಳಿಯಲು ಅದನ್ನೇ ಲ್ಯಾಬಿಗೆ ಕಳಿಸಬೇಕಾಗಬಹುದು.